‘ಎರಡು ವರ್ಷ ಸಾಕಿದರೆ ಮಗು ಸಾಕಿದವರದೇ ಆಗುತ್ತದೆಯೇ?’

ಪ್ರಶ್ನೆ

ಗುರುಮಠಕಲ್ ತಾಲ್ಲೂಕಿನ ಹಳ್ಳಿಯೊಂದರ ತಂದೆಯೊಬ್ಬರು ತಮ್ಮ ಸೋದರಳಿಯನ ಕೈಯಿಂದ ಬರೆಸಿ ಕಳಿಸಿದ ಪತ್ರದ ಸಾರ ಇದು. ಹೆಸರು, ಊರು ಮತ್ತು ಗುರುತು ಹಿಡಿಯಬಹುದಾದ ವಿವರಗಳನ್ನು ತೆಗೆದಿದ್ದೇನೆ.

‘ಹೆಂಡತಿ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಅವಳನ್ನು ನನ್ನ ತಾಯಿಯ ಹತ್ತಿರ ಬಿಟ್ಟು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದೆ. ಎರಡು ವರ್ಷದ ಮೇಲೆ ತಾಯಿಯೂ ಹೋದಳು. ಮಣ್ಣು ಮಾಡಿ, ಮಗಳನ್ನು ಓಣಿಯವರ ಮನೆಯಲ್ಲಿ ಬಿಟ್ಟು ಮತ್ತೆ ಕೆಲಸಕ್ಕೆ ಹೋದೆ. ತಿಂಗಳಾದ ಮೇಲೆ ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಮಕ್ಕಳ ಕಲ್ಯಾಣ ಸಮಿತಿಯವರು ಕರೆಸಿ, ಈಗ ಮಗುವನ್ನು ನೋಡಿಕೊಳ್ಳಲು ಆಗುತ್ತದೆಯೇ ಎಂದು ಕೇಳಿದರು. ಸದ್ಯಕ್ಕೆ ಆಗುವುದಿಲ್ಲ ಎಂದೆ. ಒಂದು ಕಾಗದದ ಮೇಲೆ ಹೆಬ್ಬೆಟ್ಟು ಹಾಕಿದೆ. ಮಗಳನ್ನು ಯಾದಗಿರಿಯ ಒಂದು ಮನೆಗೆ ಪೋಷಕತ್ವದ ಮೇಲೆ (ಫಾಸ್ಟರ್ ಕೇರ್, ಅಂದರೆ ದತ್ತು ಕೊಡದೆ ಬೇರೊಂದು ಕುಟುಂಬದಲ್ಲಿ ಇರಿಸಿ ಸಾಕಿಸುವುದು) ಕೊಟ್ಟರು. ಮೊದಲ ವರ್ಷ ಮೂರು ಸಲ ಹೋಗಿ ನೋಡಿದೆ, ಆಮೇಲೆ ಒಂದೇ ಸಲ. ಈಗ ಊರಿಗೆ ಬಂದಿದ್ದೇನೆ. ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಕಾವಲು ಕೆಲಸ ಸಿಕ್ಕಿದೆ, ಮರುಮದುವೆಯಾಗಿದೆ. ಮಗಳನ್ನು ಕೇಳಲು ಹೋದರೆ, ಆದೇಶವಾಗಿ 22 ದಿನವಾಯಿತು, ಮಗು ಇನ್ನು ಶಾಶ್ವತವಾಗಿ ಅವರ ಸುಪರ್ದಿಗೆ ಎಂದರು. “ಎರಡು ವರ್ಷ ಆದ್ಮ್ಯಾಲ ಮಗು ಸಾಕಿದವರದೇ ಆಗ್ತದ” ಅಂತ ಕಚೇರಿ ಮುಂದೆ ಇದ್ದವರೂ ಹೇಳಿದರು. ಮಗಳು ನನ್ನನ್ನು ಕಂಡು ಒಳಗೆ ಓಡಿದಳು. ಸೀದಾ ಕಲಬುರಗಿ ಹೈಕೋರ್ಟಿಗೆ ಹೋಗು ಎಂದು ಒಬ್ಬರು, ಶಾಲೆ ಬಿಡುವ ಹೊತ್ತಿಗೆ ಹೋಗಿ ಕರೆದುಕೊಂಡು ಬಾ ಎಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಲಿ?’

ಉತ್ತರ

ಗಡುವು ಹತ್ತಿರವಿದ್ದುದರಿಂದ ಇದರ ಮುಖ್ಯಾಂಶವನ್ನು ಈ ತಂದೆಗೆ ಫೋನಿನಲ್ಲೇ ತಿಳಿಸಿದ್ದೇನೆ. ಆದರೂ ಇಲ್ಲಿ ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಕಲಬುರಗಿಯಲ್ಲಿ 20 ವರ್ಷಗಳಿಗೂ ಹೆಚ್ಚು ಕಾಲದ ವಕೀಲಿ ವೃತ್ತಿಯಲ್ಲಿ, ನಡುವೆ ಮೂರು ವರ್ಷ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯೆಯಾಗಿದ್ದಾಗಲೂ, ಇದೇ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಂದ ಕೇಳಿದ್ದೇನೆ; ಬಹುತೇಕರು ಕೇಳುವ ಹೊತ್ತಿಗೆ ಅವಧಿ ಮುಗಿದಿರುತ್ತಿತ್ತು.

ನಿಮ್ಮ ಪತ್ರದಲ್ಲಿ ಮೂರು ಭಯಗಳಿವೆ. ಕಾಲ ಕಳೆದುದರಿಂದಲೇ ಮಗು ಕೈತಪ್ಪಿತೇ, ಅಂದು ಹಾಕಿದ ಹೆಬ್ಬೆಟ್ಟೇ ನಿಮಗೆ ಮುಳುವಾಯಿತೇ, ಮಗಳೇ ನಿಮ್ಮನ್ನು ಬೇಡವೆಂದಳೇ ಎಂಬವು. ಇವಕ್ಕೆ ಬರುವ ಮೊದಲು ಒಂದು ಕೆಲಸ ಆಗಬೇಕು. ನಿಮ್ಮ ಇಡೀ ಪತ್ರದಲ್ಲಿ ‘ಆದೇಶವಾಗಿದೆ’ ಎಂದಿದೆಯೇ ಹೊರತು ಆ ಆದೇಶವನ್ನು ಓದಿಸಿ ಕೇಳಿದೆ ಎಂದು ಎಲ್ಲಿಯೂ ಇಲ್ಲ. ‘ಶಾಶ್ವತ ಸುಪರ್ದಿ’ ಎಂಬುದು ಜನರು ಆಡುವ ಮಾತು. ಪೋಷಕತ್ವದ ಕಾನೂನಿನಲ್ಲಿ ಆ ಹೆಸರಿನ ಆದೇಶವೇ ಇಲ್ಲ. ಆ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಕಾಗದಗಳಲ್ಲಿ ಯಾವುದಾದರೂ ಇರಬಹುದು, ಮತ್ತು ನೀವು ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಆ ಕಾಗದವೇ ನಿರ್ಧರಿಸುತ್ತದೆ.

ಒಂದನೆಯದು, ಪೋಷಕತ್ವವನ್ನು ಮುಂದುವರಿಸಿ ಸಮಿತಿ ಹೊರಡಿಸಿದ ಆದೇಶ. ಇದು ಎಲ್ಲಕ್ಕಿಂತ ಹಗುರವಾದುದು, ಇದರ ಮೇಲ್ಮನವಿ ಜಿಲ್ಲಾಧಿಕಾರಿಯವರ ಬಳಿಗೆ ಹೋಗುತ್ತದೆ. ಎರಡನೆಯದು, ಮಗು ‘ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತ’ ಎಂದು ಸಮಿತಿಯ ಕನಿಷ್ಠ ಮೂವರು ಸದಸ್ಯರು ಸೇರಿ ಮಾಡಿದ ಘೋಷಣೆ. ಇದರ ಮೇಲ್ಮನವಿ ಮಕ್ಕಳ ನ್ಯಾಯಾಲಯಕ್ಕೆ, ಅಂದರೆ ಯಾದಗಿರಿಯ ಸೆಷನ್ಸ್ ನ್ಯಾಯಾಲಯಕ್ಕೆ. ಮೂರನೆಯದು, ಜಿಲ್ಲಾಧಿಕಾರಿಯವರು ಹೊರಡಿಸಿದ ದತ್ತು ಆದೇಶ. 2021ರ ತಿದ್ದುಪಡಿಯ ನಂತರ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಯವರೇ ಕೊಡುತ್ತಾರೆ, ಅದರ ಮೇಲ್ಮನವಿ ವಿಭಾಗೀಯ ಆಯುಕ್ತರಿಗೆ. ನಮ್ಮಲ್ಲಿ ಆ ಹುದ್ದೆಯನ್ನು ಪ್ರಾದೇಶಿಕ ಆಯುಕ್ತರು ಎನ್ನುತ್ತಾರೆ, ಕಚೇರಿ ಕಲಬುರಗಿಯಲ್ಲಿದೆ. ನಾಲ್ಕನೆಯದು, 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯವೋ ಕುಟುಂಬ ನ್ಯಾಯಾಲಯವೋ ಕೊಟ್ಟ ಪಾಲಕತ್ವದ ಆದೇಶ. ಅದಾದರೆ ಮಾತ್ರ ಮೇಲ್ಮನವಿ ನೇರವಾಗಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ. ನಿಮ್ಮ ವಿವರಗಳನ್ನು ನೋಡಿದರೆ ನಿಮ್ಮದು ಎರಡನೆಯ ಬಗೆಯದೆಂದು ನನ್ನ ಅಂದಾಜು, ಆದರೆ ಅಂದಾಜಿನ ಮೇಲೆ ಮೇಲ್ಮನವಿ ಹೂಡುವುದಕ್ಕೆ ಬರುವುದಿಲ್ಲ.

ಮೊದಲ ಮೂರಕ್ಕೂ ಅವಧಿ 30 ದಿನ. ಗಮನಿಸಿ, ಆ 30 ದಿನವನ್ನು ಆದೇಶದ ದಿನಾಂಕದಿಂದ ಎಣಿಸುತ್ತಾರೆ, ನಿಮಗೆ ಸುದ್ದಿ ಮುಟ್ಟಿದ ದಿನದಿಂದಲ್ಲ. ಸಮಿತಿಯ ಆದೇಶದ ವಿಷಯದಲ್ಲಿ ತಡಕ್ಕೆ ತಕ್ಕ ಕಾರಣ ತೋರಿಸಿದರೆ ಮೇಲ್ಮನವಿಯನ್ನು ಅವಧಿಯ ನಂತರವೂ ಸ್ವೀಕರಿಸಬಹುದೆಂದು ಬಾಲನ್ಯಾಯ ಕಾಯ್ದೆಯ 101ನೇ ಕಲಂ ಹೇಳುತ್ತದೆ. ನೋಟಿಸು ಕೈಸೇರಲಿಲ್ಲ, ಆದೇಶದ ನಕಲು ಸಿಗಲಿಲ್ಲ ಎಂಬುವು ಅಂಥ ಕಾರಣಗಳೇ. ಆದರೂ ಕೈಯಲ್ಲಿ ಎಂಟು ದಿನವಿರುವಾಗ ಕ್ಷಮೆ ಬೇಡುವ ಸ್ಥಿತಿಯನ್ನು ತಂದುಕೊಳ್ಳಬೇಡಿ. ಇಂದೇ ಸಮಿತಿಯ ಕಚೇರಿಗೆ ಹೋಗಿ ಆದೇಶದ ದೃಢೀಕೃತ ನಕಲಿಗೆ ಲಿಖಿತ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ‘ಸಾಹೇಬರು ಇಲ್ಲ, ನಾಳೆ ಬನ್ನಿ’ ಎಂದರೆ ಅದೇ ಅರ್ಜಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಇನ್ನು ಎರಡು ವರ್ಷದ ಮಾತು. ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ಹಬ್ಬಿದೆ. 2024ರ ಮಾದರಿ ಪೋಷಕತ್ವ ಮಾರ್ಗಸೂಚಿಯ ಪ್ರಕಾರ, ಮಗುವನ್ನು ಎರಡು ವರ್ಷ ಪೋಷಿಸಿದ ಕುಟುಂಬ ಅದೇ ಮಗುವನ್ನು ದತ್ತು ಪಡೆಯಲು ಮುಂದೆ ಬರಬಹುದು. ಮೊದಲು ಇದಕ್ಕೆ ಐದು ವರ್ಷ ಕಾಯಬೇಕಿತ್ತು. ಆದರೆ ಅದು ಅರ್ಜಿ ಹಾಕುವ ಅರ್ಹತೆ ಮಾತ್ರ, ಮಗು ದತ್ತಿಗೆ ಮುಕ್ತವೆಂದು ಮೊದಲು ಘೋಷಣೆಯಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ಹೊಲವನ್ನು ಹನ್ನೆರಡು ವರ್ಷ ಉತ್ತವನದೇ ಹೊಲ ಎನ್ನುವ ಲೆಕ್ಕವನ್ನು ನಮ್ಮ ಜನ ಮಕ್ಕಳಿಗೂ ಹಚ್ಚುತ್ತಾರೆ. ಮಗುವಿನ ವಿಷಯದಲ್ಲಿ ಅನುಭೋಗದ ಹಕ್ಕು ಎಂಬುದಿಲ್ಲ. ಬಾಲನ್ಯಾಯ ಕಾಯ್ದೆಯ 44ನೇ ಕಲಂ ಇದಕ್ಕೆ ತದ್ವಿರುದ್ಧವಾದುದನ್ನೇ ಹೇಳುತ್ತದೆ. ಹೆತ್ತವರು ನೋಡಿಕೊಳ್ಳಲಾರರೆಂಬ ಕಾರಣಕ್ಕೆ ಮಗುವನ್ನು ಪೋಷಕ ಕುಟುಂಬದಲ್ಲಿ ಇರಿಸಿದಾಗ ಹೆತ್ತವರು ನಿಯತವಾಗಿ ಹೋಗಿ ಮಗುವನ್ನು ನೋಡಬಹುದು, ಬೇಡವೆನ್ನುವುದಾದರೆ ಸಮಿತಿ ಕಾರಣವನ್ನು ಬರೆದಿಡಬೇಕು, ಮತ್ತು ಹೆತ್ತವರು ಸಮರ್ಥರಾದರೆಂದು ಸಮಿತಿಗೆ ಮನವರಿಕೆಯಾದ ಮೇಲೆ ಮಗು ಅವರ ಮನೆಗೆ ಮರಳಬಹುದು. ಪೋಷಕ ಕುಟುಂಬಕ್ಕೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಬರುವುದು ಕೂಡ ಮಗುವಿನ ಖರ್ಚಿಗೆ. ಕೆಲವರು ಇದನ್ನು ಮಗುವಿನ ‘ಬೆಲೆ’ ಎಂಬಂತೆ ಆಡಿಕೊಳ್ಳುತ್ತಾರೆ, ಆ ಮಾತನ್ನು ನೀವು ಎಲ್ಲಿಯೂ ಆಡಬೇಡಿ.

ಹೆಬ್ಬೆಟ್ಟಿನ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಅಂದು ನೀವು ಹೆಬ್ಬೆಟ್ಟು ಹಾಕಿದ್ದು ತಾತ್ಕಾಲಿಕ ಪಾಲನೆಗೆ ಒಪ್ಪಿಗೆಯೋ, ಅಥವಾ ಕಚೇರಿಗಳಲ್ಲಿ ಸರೆಂಡರ್ ಡೀಡ್ ಎನ್ನುವ, ಮಗುವನ್ನೇ ಬಿಟ್ಟುಕೊಡುವ ಪತ್ರವೋ ಎಂಬುದನ್ನು ನೋಡಬೇಕು. ಎರಡನೆಯದಾಗಿದ್ದರೆ ಅದಕ್ಕೆ 35ನೇ ಕಲಂನ ಕಟ್ಟುನಿಟ್ಟಿನ ಕ್ರಮವಿದೆ. ತಂದೆ ತಾಯಿಯ ಕೈಮೀರಿದ ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣವಿರಬೇಕು, ಸಮಿತಿ ವಿಚಾರಣೆ ನಡೆಸಿ ಆಪ್ತ ಸಮಾಲೋಚನೆ ಕೊಟ್ಟಿರಬೇಕು, ಪತ್ರ ಸಮಿತಿಯ ಎದುರಿಗೇ ಆಗಬೇಕು, ಆಮೇಲೂ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶ ಇರಬೇಕು. ಓದು ಬಾರದವರಿಗೆ ಪತ್ರವನ್ನು ಅವರ ಭಾಷೆಯಲ್ಲಿ ಓದಿ ಹೇಳಿದ್ದು ದಾಖಲಾಗಿದೆಯೇ ಎಂಬುದನ್ನು ನಾನಾದರೆ ಮೊದಲು ಹುಡುಕುತ್ತೇನೆ. ನಿಮ್ಮನ್ನು ಕೇಳಿದ ಪ್ರಶ್ನೆ ‘ಈಗ ಆಗುತ್ತದೆಯೇ’ ಎಂದು, ನೀವು ಕೊಟ್ಟ ಉತ್ತರ ‘ಸದ್ಯಕ್ಕೆ ಆಗುವುದಿಲ್ಲ’ ಎಂದು. ಆ ‘ಸದ್ಯಕ್ಕೆ’ ಎಂಬ ಪದ ಕಡತದಲ್ಲಿ ಉಳಿದಿದ್ದರೆ ನಿಮ್ಮ ಪುಣ್ಯ. ಸಮಿತಿಯಲ್ಲಿದ್ದಾಗ ನಾನೇ ಕಂಡಿರುವಂತೆ, ಬರೆದುಕೊಳ್ಳುವವರ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇಂಥ ಪದಗಳೇ.

ಪತ್ರ ಸರೆಂಡರ್ ಡೀಡ್ ಅಲ್ಲವೆಂದಾದರೆ, ಮಗುವನ್ನು ಮುಕ್ತವೆಂದು ಘೋಷಿಸಲು ಸಮಿತಿಗೆ ಉಳಿಯುವ ದಾರಿ ನೀವು ಮಗುವನ್ನು ತೊರೆದಿದ್ದೀರಿ ಎನ್ನುವುದು. ತೊರೆದ ಮಗು ಎಂದರೆ ಯಾರೆಂಬುದಕ್ಕೆ ಕಾಯ್ದೆಯಲ್ಲಿ ವ್ಯಾಖ್ಯೆಯಿದೆ: ಹೆತ್ತವರು ಬಿಟ್ಟುಹೋಗಿರಬೇಕು, ಮತ್ತು ಹಾಗೆಂದು ಸಮಿತಿ ಸೂಕ್ತ ವಿಚಾರಣೆಯ ನಂತರ ಘೋಷಿಸಿರಬೇಕು. ನಿಮ್ಮ ಮೇಲ್ಮನವಿಯ ಬೆನ್ನೆಲುಬು ಇಲ್ಲಿದೆ. ಆ ವಿಚಾರಣೆಯಲ್ಲಿ ನಿಮ್ಮನ್ನು ಕೇಳಿದರೇ? ನೋಟಿಸು ಎಲ್ಲಿಗೆ ಹೋಯಿತು? ನಮ್ಮ ಭಾಗದ ಕಡತಗಳಲ್ಲಿ ‘ಮನೆಗೆ ಬೀಗ ಹಾಕಿದೆ’ ಎಂಬ ಷರಾ ಎಷ್ಟು ಸಲ ಕಂಡಿದ್ದೇನೆಂದರೆ, ಅದನ್ನು ಓದಿದ ಕೂಡಲೇ ತೊಗರಿ ರಾಶಿ ಮುಗಿದ ತಿಂಗಳು ಯಾವುದೆಂದು ನೋಡುತ್ತೇನೆ. ಯಾದಗಿರಿಯ ಮಳೆಯಾಶ್ರಿತ ಹೊಲದಲ್ಲಿ ರಾಶಿಯಾದ ಮೇಲೆ ಕೂಲಿ ಇರುವುದಿಲ್ಲ, ಹಳ್ಳಿಗೆ ಹಳ್ಳಿಯೇ ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತದೆ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ. ಆ ಅಜ್ಜಿ ಹೋದ ದಿನ ಇಡೀ ಏರ್ಪಾಡು ಕುಸಿಯುತ್ತದೆ. ಊರಿನವರಿಗೆ ಇದು ಗುಳೆ, ಕಡತಕ್ಕೆ ಇದು ತೊರೆದದ್ದು. ಈ ಎರಡರ ನಡುವಿನ ಅಂತರವನ್ನು ನ್ಯಾಯಾಲಯಕ್ಕೆ ಸಾಕ್ಷ್ಯದ ಸಮೇತ ತೋರಿಸುವುದೇ ನಿಮ್ಮ ವಕೀಲರ ಕೆಲಸ.

ಸಾಕ್ಷ್ಯವೆಂದರೆ ದೊಡ್ಡದೇನೂ ಅಲ್ಲ. ಜನರಲ್ ಬೋಗಿಯ ಟಿಕೆಟನ್ನು ಯಾರೂ ಜೋಪಾನ ಮಾಡುವುದಿಲ್ಲ, ಅದನ್ನು ಕೇಳಿ ಪ್ರಯೋಜನವಿಲ್ಲ. ತಾಯಿಗೆ, ಓಣಿಯವರಿಗೆ, ಪೋಷಕ ಕುಟುಂಬಕ್ಕೆ ಫೋನ್‌ಪೇಯಲ್ಲಿ ಹಾಕಿದ ಹಣದ ಬ್ಯಾಂಕ್ ವಿವರ, ಅವರಿಗೆ ಮಾಡಿದ ಕರೆಗಳ ಪಟ್ಟಿ, ಕಟ್ಟಡ ಕಾರ್ಮಿಕರ ಕಾರ್ಡು, ಮೇಸ್ತ್ರಿಯ ಹೇಳಿಕೆ, ಮಗಳ ಹೆಸರಿರುವ ಪಡಿತರ ಚೀಟಿ, ಹೆಂಡತಿ ಮತ್ತು ತಾಯಿಯ ಮರಣ ಪ್ರಮಾಣಪತ್ರ, ಇವನ್ನು ಕೂಡಿಸಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಾಮಾಜಿಕ ತನಿಖಾ ವರದಿ ಮತ್ತು ಪೋಷಕ ಮನೆಗೆ ಪ್ರತಿ ತಿಂಗಳು ನೀಡಬೇಕಾದ ಭೇಟಿಯ ವರದಿಗಳೂ ಮುಖ್ಯ. ‘ಅವು ಗೋಪ್ಯ, ಕೊಡುವುದಿಲ್ಲ’ ಎಂದು ಹೇಳಿ ಕಳಿಸುವುದು ವಾಡಿಕೆ. ವರದಿಗಳು ಗೋಪ್ಯವೆಂಬುದು ನಿಜ, ಆದರೆ ಅವುಗಳ ಸಾರವನ್ನು ಹೆತ್ತವರಿಗೆ ತಿಳಿಸಿ, ಅದಕ್ಕೆ ಸಂಬಂಧಪಟ್ಟ ಸಾಕ್ಷ್ಯ ಕೊಡಲು ಅವಕಾಶ ನೀಡುವ ಅಧಿಕಾರ 99ನೇ ಕಲಂನಲ್ಲಿ ಸಮಿತಿಗಿದೆ. ಆ ಕಲಂ ಹೆಸರಿಸಿ ಕೇಳಿ.

ಇಲ್ಲಿಯವರೆಗೆ ನಿಮ್ಮ ಪರವಾಗಿ ಬರೆದೆ. ಈಗ ನಿಮಗೆ ಹಿತವೆನಿಸದ ಮಾತು. ‘ಹೆತ್ತ ತಂದೆ ನಾನು, ನನ್ನ ರಕ್ತ’ ಎಂಬುದೊಂದೇ ನಿಮ್ಮ ವಾದವಾದರೆ ನೀವು ಸೋಲಬಹುದು. ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಕಾಯ್ದೆಯಲ್ಲಿ ತಂದೆ ಸಹಜ ಪಾಲಕನೆಂದಿದ್ದರೂ ಅದೇ ಕಾಯ್ದೆಯ 13ನೇ ಕಲಂ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ, ಬಾಲನ್ಯಾಯ ಕಾಯ್ದೆಯೂ ಅದನ್ನೇ ಹೇಳುತ್ತದೆ. ಎರಡನೆಯ ವರ್ಷ ಒಂದೇ ಸಲ ಹೋದದ್ದು ಎದುರು ಪಕ್ಷದ ಕೈಯಲ್ಲಿರುವ ಬಲವಾದ ಅಸ್ತ್ರ. ಅದಕ್ಕೆ ಕೂಲಿ ತಪ್ಪುತ್ತಿತ್ತು ಎಂಬ ಉತ್ತರ ನಿಜವಿರಬಹುದು, ಆದರೆ ಫೋನ್ ಮಾಡುವುದಕ್ಕೆ ಕೂಲಿ ತಪ್ಪುವುದಿಲ್ಲವಲ್ಲ ಎಂದು ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ, ನಿಜವೇ ಇರಲಿ.

ಹಾಗೆಯೇ ಕಾವಲು ಕೆಲಸದಲ್ಲಿ ರಾತ್ರಿ ಪಾಳಿ ಇದ್ದರೆ ಮಗಳು ಯಾರ ಹತ್ತಿರ ಮಲಗುತ್ತಾಳೆ? ನಿಮ್ಮ ಈಗಿನ ಪತ್ನಿ ಒಪ್ಪಿದ್ದಾರೆಯೇ, ಅಥವಾ ಒಪ್ಪಿದ್ದಾರೆಂದು ನೀವು ಹೇಳುತ್ತಿದ್ದೀರೋ? ಮರುಮದುವೆಯಾದರೆ ತಂದೆಯ ಹಕ್ಕು ಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಆದರೆ ಮನೆ ಅಧ್ಯಯನಕ್ಕೆ ಬರುವ ಅಧಿಕಾರಿ ಆಕೆಯನ್ನು ಬೇರೆಯಾಗಿ ಕೂರಿಸಿ ಮಾತನಾಡಿಸುತ್ತಾರೆ, ಮತ್ತು ಬಲವಂತದ ‘ಹೌದು’ ಯಾವುದೆಂದು ಅನುಭವವಿರುವ ಯಾರಿಗಾದರೂ ತಿಳಿಯುತ್ತದೆ. ನಾನು ನೋಡಿದ ಒಂದು ಪ್ರಕರಣದಲ್ಲಿ ತಂದೆಯ ಪರವಾಗಿ ಎಲ್ಲಕ್ಕಿಂತ ಹೆಚ್ಚು ತೂಗಿದ್ದು ಮಲತಾಯಿಯೇ. ಶಾಲೆ ಎಷ್ಟು ದೂರ, ಮಗುವಿಗೆ ಯಾವ ಪಲ್ಯ ಸೇರುವುದಿಲ್ಲ ಎಂಬುದನ್ನೂ ಆಕೆ ಕೇಳಿ ತಿಳಿದುಕೊಂಡಿದ್ದಳು.

ಮಗಳು ಒಳಗೆ ಓಡಿದ್ದರ ಬಗ್ಗೆ ನೀವು ಎರಡು ಸಲ ಬರೆದಿದ್ದೀರಿ, ಬೇರೆಲ್ಲಕ್ಕಿಂತ ಅದೇ ನಿಮ್ಮನ್ನು ಕೊರೆಯುತ್ತಿದೆಯೆಂದು ಕಾಣುತ್ತದೆ. ಒಂಬತ್ತರ ಸಮೀಪದ ಮಗು ವರ್ಷದ ಮೇಲೆ ಕಂಡ ತಂದೆಯಿಂದ ಓಡುವುದು ದ್ವೇಷದಿಂದಲ್ಲ. ಒಮ್ಮೆ ಬಿಟ್ಟುಹೋದವರು ಮತ್ತೆ ಹೋಗುತ್ತಾರೆಂಬ ಅಂಜಿಕೆಯೂ, ಈ ಮನೆಯಿಂದಲೂ ಕಿತ್ತುಕೊಂಡು ಹೋಗುತ್ತಾರೆಂಬ ಅಂಜಿಕೆಯೂ ಅದರಲ್ಲಿ ಸೇರಿರುತ್ತವೆ. ಸಮಿತಿಯಾಗಲಿ ನ್ಯಾಯಾಲಯವಾಗಲಿ ಈ ವಯಸ್ಸಿನ ಮಗುವಿನ ಮಾತು ಕೇಳುತ್ತದೆ, ಅದಕ್ಕೆ ತೂಕ ಕೊಡುತ್ತದೆ, ಆದರೆ ಮಗುವಿನ ಒಂದು ದಿನದ ಮಾತಿನ ಮೇಲೆಯೇ ತೀರ್ಪು ನಿಲ್ಲುವುದಿಲ್ಲ. ‘ಅಪ್ಪನ ಹತ್ತಿರ ಹೋಗುತ್ತೇನೆ ಅನ್ನು’ ಎಂದು ಯಾರ ಮೂಲಕವೂ ಹೇಳಿಸಲು ಹೋಗಬೇಡಿ. ಕಲಿಸಿದ ಮಾತು ಮಗುವಿನ ಬಾಯಲ್ಲಿ ಕಲಿಸಿದಂತೆಯೇ ಕೇಳಿಸುತ್ತದೆ.

ಶಾಲೆ ಬಿಡುವ ಹೊತ್ತಿಗೆ ಕರೆದುಕೊಂಡು ಬರುವ ಸಲಹೆ ಕೊಟ್ಟವರನ್ನು ಇನ್ನು ಹತ್ತಿರ ಸೇರಿಸಬೇಡಿ. ಸಮಿತಿಯ ಆದೇಶದ ಮೇಲೆ ಬೇರೆಯವರ ಪಾಲನೆಯಲ್ಲಿರುವ ಮಗುವನ್ನು ಒಯ್ದರೆ ಸಂಜೆಯೊಳಗೆ ಪೊಲೀಸರು ಬರುತ್ತಾರೆ, ಮಗು ಮತ್ತೆ ಸಮಿತಿಯ ಮುಂದೆ ಹಾಜರಾಗುತ್ತದೆ, ಈ ಸಲ ಬಾಲಮಂದಿರಕ್ಕೆ ಹೋಗುವ ಸಂಭವವೂ ಇದೆ, ಮತ್ತು ನಿಮ್ಮ ಸಾಮರ್ಥ್ಯದ ಪ್ರಶ್ನೆ ಅಲ್ಲಿಗೆ ಮುಗಿದಂತೆ. ಮಗಳ ಫೋಟೊ ಹಾಕಿ ವಾಟ್ಸ್‌ಆ್ಯಪಿನಲ್ಲಿ ನ್ಯಾಯ ಕೇಳುವ ಯೋಚನೆ ನಿಮ್ಮ ಸೋದರಳಿಯನಿಗಿದೆಯಂತೆ. ಇಂಥ ಮಗುವಿನ ಗುರುತು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂನಡಿ ಅಪರಾಧ, ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಪೋಷಕ ಕುಟುಂಬದೊಂದಿಗೆ ಛಾಪಾ ಕಾಗದದ ಮೇಲೆ ‘ರಾಜಿ’ ಬರೆಸಿಕೊಳ್ಳುವುದೂ ಬೇಡ. ಮಗುವನ್ನು ಕೊಡುವ ಅಥವಾ ಪಡೆಯುವ ಖಾಸಗಿ ಕರಾರಿಗೆ ಬೆಲೆಯಿಲ್ಲ, ಅದರಲ್ಲಿ ಹಣದ ಮಾತು ಬಂದರೆ ಇಬ್ಬರೂ ಕ್ರಿಮಿನಲ್ ಪ್ರಕರಣದಲ್ಲಿ ಸಿಕ್ಕಿಬೀಳುತ್ತೀರಿ.

ಹಾಗಾದರೆ ದಾರಿಗಳೇನು? ಆದೇಶ ನಾನು ಊಹಿಸಿದಂತೆ ಮುಕ್ತ ಘೋಷಣೆಯೇ ಆಗಿದ್ದರೆ, ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿ ಅದರ ಜೊತೆಗೇ ತಡೆಯಾಜ್ಞೆಯ ಅರ್ಜಿಯನ್ನೂ ಹಾಕಬೇಕು. ತಡೆಯಾಜ್ಞೆ ಇಲ್ಲದ ಮೇಲ್ಮನವಿ ಅರ್ಧ ಕೆಲಸ, ಏಕೆಂದರೆ ಒಂದು ಕಡೆ ನಿಮ್ಮ ಅರ್ಜಿ ವಿಚಾರಣೆಯಲ್ಲಿರುವಾಗಲೇ ಇನ್ನೊಂದು ಕಡೆ ದತ್ತು ಪ್ರಕ್ರಿಯೆ ಮುಂದೆ ಸಾಗಬಹುದು. ಮೇಲ್ಮನವಿಯ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಮಕ್ಕಳ ರಕ್ಷಣಾ ಘಟಕಕ್ಕೂ ಕೊಟ್ಟು ಮೊಹರು ಪಡೆಯಿರಿ. ಅಪಾಯವೇನೆಂದರೆ, ಸೆಷನ್ಸ್ ನ್ಯಾಯಾಲಯದಲ್ಲಿ ಸೋತರೆ ಎರಡನೆಯ ಮೇಲ್ಮನವಿ ಇಲ್ಲ. ಹೈಕೋರ್ಟಿನಲ್ಲಿ ಪುನರ್‌ಪರಿಶೀಲನೆ ಕೋರಬಹುದು, ಆದರೆ ಅಲ್ಲಿ ಹೊಸದಾಗಿ ಸಾಕ್ಷ್ಯ ಹರವಿ ಕೂರಲಾಗುವುದಿಲ್ಲ. ಆದ್ದರಿಂದ ಕೈಯಲ್ಲಿರುವ ಕಾಗದವನ್ನೆಲ್ಲ ಮೊದಲ ಹಂತದಲ್ಲೇ ಹಾಜರುಪಡಿಸಬೇಕು.

ಆದೇಶ ಬರೀ ಪೋಷಕತ್ವದ ಮುಂದುವರಿಕೆಯಾಗಿದ್ದರೆ ನನ್ನ ಸಲಹೆ ಬೇರೆ. ಆಗ ಜಿಲ್ಲಾಧಿಕಾರಿಯವರಿಗೆ ಮೇಲ್ಮನವಿ ಹಾಕುವ ಹಕ್ಕನ್ನು ಉಳಿಸಿಕೊಂಡೇ, ಮಗುವನ್ನು ಕುಟುಂಬಕ್ಕೆ ಮರಳಿ ಸೇರಿಸುವಂತೆ ಸಮಿತಿಯನ್ನೇ ಕೋರುವುದು ಮೇಲು. ಮೊದಲು ಎರಡು ವಾರಕ್ಕೊಮ್ಮೆ ಭೇಟಿ, ಆಮೇಲೆ ರಜೆಯ ದಿನಗಳಲ್ಲಿ ನಿಮ್ಮ ಮನೆಯಲ್ಲಿ ತಂಗುವುದು, ಶೈಕ್ಷಣಿಕ ವರ್ಷ ಮುಗಿದ ಮೇಲೆ ಪೂರ್ತಿ ಮರಳುವುದು ಎಂದು ನೀವೇ ಒಂದು ಯೋಜನೆ ಬರೆದುಕೊಡಿ. ಇದು ನಿಧಾನದ ದಾರಿ, ಪ್ರತಿ ತಿಂಗಳು ಕಳೆದಂತೆ ಮಗು ಆ ಮನೆಗೆ ಇನ್ನಷ್ಟು ಅಂಟಿಕೊಳ್ಳುತ್ತದೆ, ಅದು ಇದರ ನಷ್ಟ. ಆದರೂ ತಿರುಗಿ ಬಂದ ಮಗು ಮನೆಯಲ್ಲಿ ನಿಲ್ಲುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಈ ದಾರಿಯಲ್ಲೇ.

ದತ್ತು ಆದೇಶವೇ ಆಗಿಹೋಗಿದ್ದರೆ ಸ್ಥಿತಿ ಗಂಭೀರ. ಸುಪರ್ದಿಯ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಮಗುವಿನ ಹಿತ ಬದಲಾದಂತೆ ಅದನ್ನೂ ಬದಲಿಸಬಹುದೆಂದು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿದೆ. ದತ್ತು ಹಾಗಲ್ಲ. ಆದೇಶವಾದ ದಿನದಿಂದ ಮಗು ಎಲ್ಲ ಅರ್ಥದಲ್ಲಿ ದತ್ತು ಪಡೆದವರದಾಗುತ್ತದೆ, ಹುಟ್ಟಿದ ಕುಟುಂಬದ ಜೊತೆಗಿನ ಕಾನೂನಿನ ಸಂಬಂಧ ಕಡಿಯುತ್ತದೆ. ಅಲ್ಲಿ 30 ದಿನದೊಳಗೆ ಪ್ರಾದೇಶಿಕ ಆಯುಕ್ತರ ಮುಂದೆ ಹೋಗಲೇಬೇಕು, ಮತ್ತು ಮೂಲದಲ್ಲಿದ್ದ ಮುಕ್ತ ಘೋಷಣೆಯೇ ಕಾನೂನು ಮೀರಿದ್ದೆಂದು ತೋರಿಸಬೇಕು.

ಸೀದಾ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಅಕ್ರಮವಾಗಿ ಇರಿಸಿಕೊಂಡವರನ್ನು ಹಾಜರುಪಡಿಸಿ ಎಂದು ಕೋರುವ ಅರ್ಜಿ ಹಾಕುವುದನ್ನು ಹೇಳಿಕೊಟ್ಟವರು ಬಹುಶಃ 2019ರ ಸುಪ್ರೀಂ ಕೋರ್ಟ್ ತೀರ್ಪನ್ನು ಕೇಳಿರಬೇಕು. ತಾಯಿ ತೀರಿಕೊಂಡ ಮೇಲೆ ಮಗುವನ್ನು ಇಟ್ಟುಕೊಂಡಿದ್ದ ತಾಯಿಯ ಕಡೆಯ ಬಂಧುಗಳಿಂದ ಮಗು ತಂದೆಗೆ ಮರಳಿದ ಪ್ರಕರಣವದು. ಆದರೆ ಆ ಬಂಧುಗಳ ಕೈಯಲ್ಲಿ ಯಾವ ಆದೇಶವೂ ಇರಲಿಲ್ಲ. ನಿಮ್ಮ ಮಗಳು ಕಾನೂನಿನ ಪ್ರಾಧಿಕಾರವೊಂದರ ಆದೇಶದ ಮೇಲೆ ಆ ಮನೆಯಲ್ಲಿದ್ದಾಳೆ, ಮೇಲ್ಮನವಿಯ ದಾರಿಯೂ ತೆರೆದಿದೆ. ಇಂಥಲ್ಲಿ ಹೈಕೋರ್ಟ್ ಸಾಮಾನ್ಯವಾಗಿ ಆ ದಾರಿಯಲ್ಲೇ ಹೋಗಿರೆಂದು ಕಳಿಸುತ್ತದೆ, ಅಷ್ಟರಲ್ಲಿ ನಿಮ್ಮ 30 ದಿನ ಕಳೆದಿರುತ್ತದೆ.

ಪೋಷಕ ಕುಟುಂಬದ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಈ ಉತ್ತರ ಒಂದು ಪಕ್ಷದ್ದಾಗುತ್ತದೆ. ಅವರು ನಿಮ್ಮ ಮಗಳನ್ನು ಕದ್ದವರಲ್ಲ. ಜ್ವರ ಬಂದ ರಾತ್ರಿ ಎದ್ದು ಕೂತವರು ಅವರೇ, ಓದು ಕಲಿಸಿದವರೂ ಅವರೇ. ಪೋಷಕತ್ವ ಕೊಡುವ ದಿನವೇ ‘ಮುಂದೆ ದತ್ತಿಗೂ ಆಗಬಹುದು’ ಎಂದು ಯಾರೋ ಹೇಳಿ ಅವರಲ್ಲಿ ಆಸೆ ಹುಟ್ಟಿಸಿರಬಹುದು. ಮೇಲ್ಮನವಿಯಲ್ಲಿ ಅವರ ಮೇಲೆ ಇಲ್ಲದ ಆರೋಪ ಹೊರಿಸುವ ವಕೀಲರು ಸಿಕ್ಕರೆ ಬೇರೆಯವರನ್ನು ನೋಡಿ. ಮಗು ನಿಮಗೆ ಮರಳಿದರೂ ಆ ಮನೆಯ ಜೊತೆ ಹೋಗಿ ಬರುವ ಸಂಬಂಧ ಅವಳಿಗೆ ಬೇಕಾಗುತ್ತದೆ.

ಖರ್ಚಿನ ಚಿಂತೆಗೆ: ಯಾದಗಿರಿ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಇದೆ. ಇತರರಿಗೆ ಆದಾಯದ ಮಿತಿ ಇದೆ, ನಿಮ್ಮ ಸಂಬಳದ ಚೀಟಿ ತೆಗೆದುಕೊಂಡು ಹೋದರೆ ಅಲ್ಲಿಯೇ ಹೇಳುತ್ತಾರೆ. ವಕೀಲರು ಗೊತ್ತಾಗುವವರೆಗೆ ಕಾಯದೆ ನಕಲಿನ ಅರ್ಜಿಯನ್ನು ಇಂದೇ ಕೊಡಿ. ಅದರ ಜೊತೆ, ಮಗಳನ್ನು ಭೇಟಿಯಾಗಲು ದಿನ ಮತ್ತು ಸಮಯ ಗೊತ್ತುಮಾಡಿಕೊಡಿ ಎಂಬ ಎರಡನೆಯ ಅರ್ಜಿಯೂ ಇರಲಿ. ಭೇಟಿಗೆ ಒಪ್ಪಿಗೆ ಸಿಕ್ಕ ದಿನ ಹೊಸ ಬಟ್ಟೆ, ಗೊಂಬೆ ಎಂದು ಹೊತ್ತುಕೊಂಡು ಹೋಗಬೇಡಿ. ನಿಮ್ಮ ತಾಯಿಯ ಜೊತೆ ಅವಳು ಇರುವ ಹಳೆಯ ಫೋಟೊ ಮನೆಯಲ್ಲಿದ್ದರೆ ಅದೊಂದನ್ನು ತೆಗೆದುಕೊಂಡು ಹೋಗಿ, ಮತ್ತು ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ಮೊದಲೇ ಅಲ್ಲಿರಿ.